ಶನಿಗೆ ಹಲ್ಲೂರಲು ಜಾಗವಿಲ್ಲದ ಸಂಖ್ಯೆ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಿಂದಿನ ಕೊಳಚೆ ನಾಲಾಕ್ಕೆ ದಿನಕ್ಕೊಂದು ಬಣ್ಣ. ಮೇಲಿನ ಕಾರ್ಖಾನೆಗಳಲ್ಲಿ ಅಂದು ಯಾವ ಪೀಪಾಯಿ ತೊಳೆದರೋ ಆ ಬಣ್ಣ. ಒಂದು ದಿನ ತುಕ್ಕು, ಒಂದು ದಿನ ಪಿಸ್ತಾ ಐಸ್‌ಕ್ರೀಮು, ಇನ್ನೊಂದು ದಿನ ಕುಂಕುಮ ಕದಡಿದ ಕೆಂಪು. ವಾಸನೆ ಮಾತ್ರ ವರ್ಷವಿಡೀ ಒಂದೇ. ಕೊಳೆತ ಮೂಲಂಗಿಯನ್ನು ಸೀಮೆಎಣ್ಣೆಯಲ್ಲಿ ಬೇಯಿಸಿ ಮುಚ್ಚಳ ತೆಗೆದ ಹಾಗೆ. ಊರಿಂದ ಬಂದ ನೆಂಟರು ಮೂಗು ಮುಚ್ಚಿಕೊಂಡು, 'ಇಲ್ಲಿ ಹೇಗೆ ಇರ್ತೀರಿ ಮಾರಾಯ್ರೆ?' ಎಂದು ಕೇಳಿ, ಅದೇ ಕೈಯಲ್ಲಿ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದರು.

ಅಡುಗೆಮನೆಯ ಕಿಟಕಿ ತೆರೆಯುವುದು ಆ ನಾಲಾದ ಮೇಲೇ. ಅಮ್ಮ ದಿನದ ಮುಕ್ಕಾಲು ಪಾಲು ಆ ಕಿಟಕಿಯ ಮುಂದೆ ನಿಂತಿರುತ್ತಿದ್ದಳು. ಕಿಟಕಿಯ ಸಂದಿಗೆ ಒದ್ದೆ ಟವೆಲು ತುರುಕಿ ಒಗ್ಗರಣೆ ಹಾಕುವಳು. ಒಗ್ಗರಣೆಯ ಹೊಗೆಗೆ ಕೆಮ್ಮು ಬಂದರೆ ಟವೆಲು ಕೀಳುವಳು, ನಾಲಾದ ಗಾಳಿಗೆ ಕೆಮ್ಮು ಬಂದರೆ ಮತ್ತೆ ತುರುಕುವಳು. ಡಾಕ್ಟರು ಬಾಯಿಗೆ ಒತ್ತಿ ಉಸಿರೆಳೆಯುವ ಪಂಪು ಬರೆದುಕೊಟ್ಟು, 'ಔಷಧ ಎಷ್ಟು ದಿನ? ಮನೆ ಬದಲಾಯಿಸಿ' ಎಂದಿದ್ದರು.

ನಾನು ಆಗ ಠಾಣೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ವಿಷಯ ಗಣಿತ, ಉದ್ಯೋಗ ನಕಲು. ಪ್ರಿನ್ಸಿಪಾಲರು ಮೈಕು ತಟ್ಟುವುದು, ಟಿಕೆಟ್ ಚೆಕ್ಕರು 'ಪಾಸ್, ಪಾಸ್' ಎನ್ನುತ್ತ ಆಕಳಿಸುವುದು, ಸೊಸೈಟಿಯ ಕಾರ್ಯದರ್ಶಿ ನೀರಿನ ಟ್ಯಾಂಕಿನ ಮೇಲೆ ಭಾಷಣ ಮಾಡುವುದು, ಎಲ್ಲವೂ ನನ್ನ ಗಂಟಲಲ್ಲಿದ್ದವು. ಒಮ್ಮೆ ಅಮ್ಮನ ಕೆಮ್ಮನ್ನೂ ಮಾಡಿ ತೋರಿಸಿದ್ದೆ. ಅವಳು ನಕ್ಕಳು, ನಕ್ಕು ನಕ್ಕು ನಿಜವಾದ ಕೆಮ್ಮು ಬಂತು, ಮುಖ ನೀಲಿಗಟ್ಟಿತು. ಚಪ್ಪಾಳೆಗಾಗಿ ಕಾಯುತ್ತ ನಿಂತಿದ್ದ ನನ್ನ ಮುಖ ನೆನೆದರೆ ಈಗಲೂ ಬಾಯಿ ತೊಳೆಯಬೇಕೆನಿಸುತ್ತದೆ.

ಅಪ್ಪ ಸ್ಟೇಷನ್ ಹತ್ತಿರದ ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರು. ಅವರಿಗೆ ಅಂಕಿಗಳ ಭಯ. ಎಂಟು ಎಂದರೆ ಶನಿ, ಒಂಬತ್ತು ಎಂದರೆ ಜಯ. ಯಾವ ಸಂಖ್ಯೆ ಎದುರಾದರೂ ಅದರ ಅಂಕಿಗಳನ್ನು ಕೂಡಿ, ಬಂದದ್ದನ್ನು ಮತ್ತೆ ಕೂಡಿ, ಒಂದೇ ಅಂಕಿ ಉಳಿಯುವವರೆಗೆ ಬಿಡುವವರಲ್ಲ. ಭಾನುವಾರ ಸಂಜೆ ಹೋಟೆಲಿನ ಬಾಗಿಲಲ್ಲಿ ಕಾಯುವ ಗಿರಾಕಿಗಳಿಗೆ ಕೊಡುವ ಪ್ಲಾಸ್ಟಿಕ್ ಬಿಲ್ಲೆಗಳಲ್ಲಿ ಎಂಟು, ಹದಿನೇಳು, ಇಪ್ಪತ್ತಾರು ಇರಲೇ ಇಲ್ಲ. ಅಪ್ಪ ಅವನ್ನು ಒಯ್ದು ನಾಲಾಕ್ಕೆ ಎಸೆದಿದ್ದರು. ಏಳರ ಮುಂದೆ ಒಂಬತ್ತನ್ನು ಕರೆದಾಗ ಎಂಟು ಎಲ್ಲಿ ಓಡಿಹೋಯಿತೆಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ.

ಆ ವರ್ಷ ನವಿಮುಂಬಯಿಯಲ್ಲಿ ಸರಕಾರಿ ಮನೆಗಳ ಲಾಟರಿ ಬಂತು. ಅರ್ಜಿ ಹಾಕಿದವರ ಸಂಖ್ಯೆ ಎತ್ತುತ್ತಾರೆ, ಸಂಖ್ಯೆ ಬಂದರೆ ಮನೆ. ಅಗಲ ರಸ್ತೆ, ಸಮುದ್ರದ ಖಾಡಿಯ ಗಾಳಿ, ಹಿಂದೆ ನಾಲಾ ಇಲ್ಲ. ಅಪ್ಪ ನನ್ನನ್ನು ಕರೆದುಕೊಂಡು ಅರ್ಜಿಯ ಕಚೇರಿಯಿದ್ದ ಬೇಲಾಪುರಕ್ಕೆ ಹೊರಟರು.

ಅಲ್ಲಿಯ ಸಾಲಿನ ವಿಚಾರ ಹೇಳಿದರೆ ಯಾರೂ ನಂಬುವುದಿಲ್ಲ. ಸಾಲು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಕಿಟಕಿಯಲ್ಲಿ ಕೊಡುವ ಅರ್ಜಿಗಳ ಮೇಲೆ ಸಾಲಾಗಿ ಸಂಖ್ಯೆ ಅಚ್ಚಾಗಿತ್ತು, ಎಲ್ಲರಿಗೂ ಕೂಡಿದರೆ ಒಂಬತ್ತು ಬರುವ ಅರ್ಜಿಯೇ ಬೇಕಿತ್ತು. ಕಿಟಕಿಯ ಹತ್ತಿರ ಬಂದವನು ಮುಂದಿನ ಅರ್ಜಿ ಯಾವುದೆಂದು ಇಣುಕುವುದು, ಬೆರಳಲ್ಲಿ ಕೂಡುವುದು, ಹಿಂದಿನವನಿಗೆ ಕೈ ತೋರಿಸುವುದು.

'ಆಪ್ ಜಾಯಿಯೇ ನಾ, ಅಂಕಲ್.'

'ನಹೀ ನಹೀ, ಪೆಹಲೇ ಆಪ್.'

ಮುಂಬಯಿಯಲ್ಲಿ ಅಷ್ಟೊಂದು ಮರ್ಯಾದೆ ನಾನು ಅದಕ್ಕೆ ಮೊದಲೂ ನಂತರವೂ ಕಂಡದ್ದಿಲ್ಲ. ಲೋಕಲ್ಲಿನಲ್ಲಿ ಗರ್ಭಿಣಿಗೆ ಸೀಟು ಬಿಡದವರು ಇಲ್ಲಿ ಒಬ್ಬರನ್ನೊಬ್ಬರು ಬೇಡಿಕೊಂಡು ಮುಂದೆ ಕಳಿಸುತ್ತಿದ್ದರು. ಬೆವರು, ಮಾವಾ ತಂಬಾಕು, ಯಾರದೋ ಡಬ್ಬಿಯಲ್ಲಿ ಹಳಸಿದ ಪಲ್ಯ, ಎಲ್ಲ ಸೇರಿದ ಬಿಸಿ ಗಾಳಿಯಲ್ಲಿ ಆ ಸುಳ್ಳು ಸೌಜನ್ಯ ನೋಡಿ ನಾನು ಅಪ್ಪನ ತೋಳು ಜಗ್ಗಿದೆ.

'ಅಪ್ಪ, ಒಂದರ ನಂತರ ಒಂದು ಬರುವ ಒಂಬತ್ತು ಸಂಖ್ಯೆಯಲ್ಲಿ ಒಂದಕ್ಕೆ ಮಾತ್ರ ಒಂಬತ್ತು ಬರುದು. ಉಳಿದ ಎಂಟು ಜನ ಕೆಟ್ಟದ್ದು ತಕೊಳ್ಳದಿದ್ರೆ ನಿಮ್ಮ ಒಳ್ಳೇದು ಬರುದೇ ಇಲ್ಲ.'

'ತಕೊಳ್ಳುವವರು ತಕೊಳ್ತಾರೆ. ನೀನು ಸುಮ್ನೆ ನಿಲ್ಲು ಮಾಣಿ.'

ಎರಡು ಗಂಟೆ ಹಿಂದೆ ಸರಿದು ಸರಿದು ಅಪ್ಪ 117450 ಹಿಡಿದರು. ಕೂಡಿದರೆ ಹದಿನೆಂಟು, ಮತ್ತೆ ಕೂಡಿದರೆ ಒಂಬತ್ತು. ಅರ್ಜಿಯನ್ನು ಕಣ್ಣಿಗೊತ್ತಿಕೊಂಡರು. ತುಂಬಿ ಎರಡನೇ ಕಿಟಕಿಗೆ ಕೊಟ್ಟಾಗ ಗುಮಾಸ್ತ ಏನನ್ನೋ ಟೈಪು ಮಾಡಿ, ಯಂತ್ರದಿಂದ ಬಂದ ಚೀಟಿ ಹರಿದು ಮುಂದೆ ತಳ್ಳಿದ. ಚೀಟಿಯ ಮೇಲೆ ಬೇರೆಯೇ ಸಂಖ್ಯೆ. 3824423.

'ಸಾಹೇಬ್, ನಮ್ಮ ನಂಬರು ಇದಲ್ಲ' ಎಂದು ಅಪ್ಪ ಹಿಂದಿಯಲ್ಲಿ ಗೋಗರೆದರು.

'ಕಾಕಾ, ತೋ ಛಾಪಖಾನ್ಯಾಚಾ ನಂಬರ್' ಎಂದ ಗುಮಾಸ್ತ, ತಲೆಯೆತ್ತದೆ. 'ಲಾಟರಿತ್ ಹಾಚ್ ಚಾಲತೋ.' ಅರ್ಜಿಯ ಮೇಲಿನದು ಪ್ರೆಸ್ಸಿನವರು ಎಣಿಸಲು ಹಾಕಿದ ಸಂಖ್ಯೆಯಂತೆ. ಲಾಟರಿಗೆ ಈ ಕಂಪ್ಯೂಟರು ಕೊಟ್ಟದ್ದೇ. ಹಿಂದಿನ ಕಿಟಕಿಯಲ್ಲಿ ಆಗಲೂ ಜನ 'ಪೆಹಲೇ ಆಪ್' ಎನ್ನುತ್ತಲೇ ಇದ್ದರು.

ಅಪ್ಪ ಅಲ್ಲೇ ಗೋಡೆಗೊರಗಿ ಕೂಡಿದರು. ಮೂರು, ಎಂಟು, ಎರಡು, ನಾಲ್ಕು, ನಾಲ್ಕು, ಎರಡು, ಮೂರು. ಇಪ್ಪತ್ತಾರು. ಎರಡು ಮತ್ತು ಆರು, ಎಂಟು. ಹೋಟೆಲಿನಿಂದ ಎಸೆದ ಬಿಲ್ಲೆಯೇ ತಿರುಗಿ ಬಂದು ಕೈಯಲ್ಲಿ ಕೂತಂತೆ ಅವರ ಮುಖ ಆಯಿತು.

ಮರುದಿನ ನಾವು ಠಾಣೆಯ ಗುರುಗಳ ಮುಂದೆ ಕೂತಿದ್ದೆವು. ಗುರುಗಳೆಂದರೆ ನಮ್ಮ ಕಡೆಯವರೇ, ಸೀರೆ ಅಂಗಡಿಯ ಹಿಂದಿನ ಒಂದು ಗಾಳಾದಲ್ಲಿ, ಅಂದರೆ ಕೋಣೆಯಷ್ಟಿನ ಮಳಿಗೆಯಲ್ಲಿ, ಅಂಕಿಗಳ ಭವಿಷ್ಯ ಹೇಳುವವರು. ಮುಂದೆ ಒಂದು ಸ್ಟೀಲಿನ ಡಬ್ಬಿ ಇಟ್ಟುಕೊಂಡಿರುತ್ತಿದ್ದರು. ಎರಡು ವಾಕ್ಯಕ್ಕೊಮ್ಮೆ ಗಂಟಲಿನ ತಳದಿಂದ ಕಫ ಎಳೆದು, ಬಾಯಲ್ಲಿ ಒಂದು ಸುತ್ತು ತಿರುಗಿಸಿ, ಡಬ್ಬಿಯ ಮುಚ್ಚಳ ತೆರೆದು ಉಗಿದು, ಮುಚ್ಚಳ ಹಾಕಿ, ಅದೇ ಕೈಯಿಂದ ಕಲ್ಲುಸಕ್ಕರೆ ಕೊಡುವರು. ಅಪ್ಪ ಅದನ್ನು ಭಕ್ತಿಯಿಂದ ಚೀಪಿದರು. ನಾನು ನನ್ನದನ್ನು ಜೇಬಿಗೆ ಹಾಕಿ ಆಮೇಲೆ ರೈಲಿನಿಂದ ಎಸೆದೆ. ಆದರೆ ಗಂಟಲನ್ನು ಮಾತ್ರ ಪೂರ್ತಿ ಕಲಿತುಕೊಂಡೆ.

'ಹ್ರ್‌ರ್... ಎಂಟು ಅಲ್ವಾ. ಅದೂ ಇಪ್ಪತ್ತಾರರ ಎಂಟು. ಬೇರೆ ಎಂಟು ಆದ್ರೆ ಎಂತಾದ್ರೂ ಮಾಡ್ಬಹುದಿತ್ತು. ಹ್ರ್‌ರ್... ತೂ. ಹಿಂದೆ ತಕೊಂಡು ಬಿಡಿ ಮಾರಾಯ್ರೆ. ಅಮಾವಾಸ್ಯೆ ಕಳೆದ ಮರುದಿನ ಹೋಗಿ ಅರ್ಜಿ ರದ್ದು ಮಾಡ್ಸಿ. ಮುಂದಿನ ಸಲ ನೋಡುವ.'

'ಮುಂದಿನ ಸಲ ಯಾವಾಗ ಗುರುಗಳೇ?'

'ಅದು ಸರಕಾರಕ್ಕೆ ಗೊತ್ತು.'

ಮನೆಗೆ ಬಂದು ಅಪ್ಪ ಅರ್ಜಿ ಹಿಂದೆ ಪಡೆಯುವ ಪತ್ರ ಬರೆದು ದೇವರ ಪಟದ ಹಿಂದೆ ಇಟ್ಟರು. ಅಮಾವಾಸ್ಯೆಗೆ ಹನ್ನೆರಡು ದಿನವಿತ್ತು. ಅಮ್ಮ ಟವೆಲು ಒದ್ದೆ ಮಾಡಿ ಕಿಟಕಿಗೆ ತುರುಕಿದಳು.

ಅಪ್ಪನಿಗೆ ಗುರುಗಳ ಮಾತು ಬಿಟ್ಟು ಬೇರೆ ಯಾರ ಮಾತೂ ನಡೆಯದು. ಗುರುಗಳ ಗಂಟಲು ನನ್ನಲ್ಲಿತ್ತು. ಹಾಗಿದ್ದಮೇಲೆ ಮುಂದಿನದು ನನಗೆ ಸುಲಭವೆನಿಸಿತು. ಆದರೆ ನಕಲು ಮಾಡುವವರಿಗೆ ಒಂದು ತಾಪತ್ರಯವಿದೆ. ಪೂರ್ತಿ ಸುಳ್ಳು ಹೇಳುವಾಗ ದನಿ ನಡುಗುತ್ತದೆ. ಒಳಗೆ ಎಲ್ಲೋ ಒಂದು ನಿಜದ ಹರಳು ಇದ್ದರೆ ಗಂಟಲು ಅದನ್ನು ಹಿಡಿದು ನಿಲ್ಲುತ್ತದೆ. 3824423 ಬಗ್ಗೆ ಒಂದೇ ಒಂದು ಒಳ್ಳೆಯ ನಿಜ ಬೇಕಿತ್ತು.

ಆ ವಾರ ಕಾಲೇಜಿನಲ್ಲಿ ಅವಿಭಾಜ್ಯ ಸಂಖ್ಯೆಗಳ ಪಾಠ ನಡೆಯುತ್ತಿತ್ತು. ಒಂದರಿಂದ ಮತ್ತು ತನ್ನಿಂದ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗಳು. ನಮ್ಮ ಶನಿ ಅಂಥದ್ದಾದರೆ? ಸಮಸಂಖ್ಯೆಯಲ್ಲ. ಮೂರರಿಂದ ಹೋಗದು, ಐದರಿಂದ ಹೋಗದು. ಏಳರಿಂದ ಭಾಗಿಸಿದೆ, ಒಂದು ಉಳಿಯಿತು. ಹದಿನೇಳರಿಂದ ಭಾಗಿಸಿದೆ, ಅಲ್ಲೂ ಒಂದೇ ಒಂದು ಉಳಿಯಿತು. ಬಾಗಿಲಿಗೆ ಸಿಕ್ಕಿಕೊಂಡ ಸೆರಗಿನ ಹಾಗೆ ಆ ಒಂದು. ನನಗೆ ಆಸೆ ಹುಟ್ಟಿತು.

ಪೂರ್ತಿ ಖಚಿತವಾಗಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕು. ಅಂದರೆ 1955ರವರೆಗೆ. ಪುಸ್ತಕದ ಹಿಂದಿನ ಪಟ್ಟಿಯಿಂದ ಅವನ್ನು ನೋಟ್‌ಬುಕ್ಕಿಗೆ ಇಳಿಸಿದೆ, ಸಾಲಿಗೆ ಹತ್ತರಂತೆ. ಇನ್ನೂರ ತೊಂಬತ್ತೇಳು ಸಂಖ್ಯೆ, ಮೂವತ್ತು ಸಾಲು. ಮನೆಯಲ್ಲಿ ಕೂತರೆ ಅಪ್ಪ ಕೇಳುತ್ತಾರೆ. ಆದ್ದರಿಂದ ರೈಲಿನಲ್ಲಿ, ಹೋಗುವಾಗ ಒಂದೆರಡು ಸಾಲು, ಬರುವಾಗ ಒಂದೆರಡು.

ನನ್ನ ಕ್ಯಾಲ್ಕುಲೇಟರು ಬಿಸಿಲಿನಿಂದ ನಡೆಯುವ ಅಗ್ಗದ್ದು. ಬೆಳಗಿನ ಡೊಂಬಿವಲಿ ಲೋಕಲ್ಲಿನಲ್ಲಿ ಬಿಸಿಲು ಎಲ್ಲಿಂದ ಬರಬೇಕು? ನಾನು ನಿಲ್ಲುತ್ತಿದ್ದದ್ದು ಯಾರದೋ ಕಂಕುಳಿನ ಕೆಳಗೆ. ನಿನ್ನೆಯ ಬೆವರಿನ ಮೇಲೆ ಇವತ್ತಿನ ಪೌಡರು ಮೆತ್ತಿದ ಕಂಕುಳು. ಅದರ ನೆರಳು ಬಿದ್ದರೆ ಅಂಕಿಗಳು ಮಾಸಿ ಹೋಗುತ್ತಿದ್ದವು. ನಾನು ಕ್ಯಾಲ್ಕುಲೇಟರನ್ನು ಆರತಿಯಂತೆ ಮೇಲೆತ್ತಿ ಟ್ಯೂಬ್‌ಲೈಟಿಗೆ ತೋರಿಸಿ ಭಾಗಿಸುವೆ. ಉತ್ತರದಲ್ಲಿ ಚುಕ್ಕಿಯ ನಂತರ ಅಂಕಿ ಕಂಡರೆ ಸಂಖ್ಯೆ ತುಂಡಾಗಲಿಲ್ಲವೆಂದು ಅರ್ಥ, ನೋಟ್‌ಬುಕ್ಕಿನಲ್ಲಿ ಒಂದು ಗೀಟು. ಒಮ್ಮೆ ಒಬ್ಬ ಕಾಕಾ ಕೇಳಿದರು, 'ಕಾಯ್ ರೇ, ಮಟಕಾ ಕಾ?' ಜೂಜಿನ ಲೆಕ್ಕವೆಂದುಕೊಂಡಿದ್ದರು. ನಾನು ಪ್ರಿನ್ಸಿಪಾಲರ ದನಿಯಲ್ಲಿ 'ರಿಸರ್ಚ್' ಎಂದೆ. ಅವರು ಕಂಕುಳನ್ನು ಸ್ವಲ್ಪ ಆಚೆ ಸರಿಸಿದರು.

ಹೀಗೆ ಹನ್ನೊಂದು ದಿನ. ಚುಕ್ಕಿಯ ನಂತರ ಏನೂ ಇಲ್ಲದ ಉತ್ತರ ಒಮ್ಮೆಯೂ ಬರಲಿಲ್ಲ. ಇಪ್ಪತ್ತೈದು ಸಾಲು ಮುಗಿದವು.

ಇಪ್ಪತ್ತಾರನೆಯ ಸಾಲು ಶುರುವಾಗುವುದು 1597ರಿಂದ. ಪೆನ್ನು ತೆಗೆದ ಹೊತ್ತಿಗೆ ದಿವಾ ಸ್ಟೇಷನ್ನಿನಲ್ಲಿ ಬೆಂಚಿನ ಮೂವರು ಅಷ್ಟಿಷ್ಟು ಜರುಗಿ ನನಗೆ ನಾಲ್ಕನೇ ಸೀಟು ಕೊಟ್ಟರು. ನಾಲ್ಕನೇ ಸೀಟು ಎಂದರೆ ಮೂರು ಜನರ ಬೆಂಚಿನ ತುದಿಯಲ್ಲಿ ಅರ್ಧ ಪೃಷ್ಠ ಊರುವ ಹಕ್ಕು. ಅದು ಸಿಕ್ಕವನು ಮತ್ತೆ ಏನೂ ಮಾಡುವುದಿಲ್ಲ. ತೊಡೆಯ ಮೇಲೆ ನೋಟ್‌ಬುಕ್ಕು ಇಟ್ಟೆ. ಪಕ್ಕದವನ ಮೊಣಕೈ ನನ್ನ ಪಕ್ಕೆಲುಬಿನಲ್ಲಿ, ಎದುರಿನವನ ಮಂಡಿ ನನ್ನ ಮಂಡಿಯಲ್ಲಿ, ಮೇಲೊಂದು ಫ್ಯಾನು. ಇಷ್ಟು ಹೊತ್ತು ತುಂಡಾಗದ್ದು ಇನ್ನು ತುಂಡಾಗುತ್ತದೆಯೇ ಎಂದುಕೊಂಡೆ. ಒಂದನ್ನೂ ಭಾಗಿಸದೆ ಆ ಸಾಲಿಗೆ ಉದ್ದಕ್ಕೆ ಒಂದು ಗೀಟೆಳೆದು ಕಣ್ಣು ಮುಚ್ಚಿದೆ.

ಉಳಿದ ನಾಲ್ಕು ಸಾಲನ್ನು ಮರುದಿನ ಪ್ರಾಮಾಣಿಕವಾಗಿ ಮುಗಿಸಿದೆ. ಅದೇ ದಿನ ಅಮಾವಾಸ್ಯೆ.

ಸಂಜೆ ಸ್ಟೇಷನ್ ಹೊರಗಿನ ಒಂದು ರೂಪಾಯಿಯ ಡಬ್ಬಿ ಫೋನಿಗೆ ನಾಣ್ಯ ಹಾಕಿದೆ. ರಿಸೀವರು ಯಾರದೋ ಎಂಜಲಿನಿಂದ ಅಂಟಾಗಿತ್ತು. ಫೋನೆತ್ತಿದವಳು ಅಮ್ಮ.

'ಹ್ರ್‌ರ್‌ರ್... ಮ್ಯಾನೇಜರು ಉಂಟಾ?'

ಆ ಕಡೆ ಕೆಮ್ಮು ಅರ್ಧಕ್ಕೆ ನಿಂತಿತು. ಆಮೇಲೆ ಅಮ್ಮ, 'ಇವರೇ, ಗುರುಗಳು' ಎಂದಳು.

ಅಪ್ಪ ಬಂದರು. ನಾನು ಕಫ ಎಳೆದೆ, ಬಾಯಲ್ಲಿ ತಿರುಗಿಸಿದೆ, ಪಕ್ಕದ ಗೋಡೆಗೆ ನಿಜವಾಗಿಯೇ ಉಗಿದೆ. ಪಾತ್ರ ಹೊಕ್ಕ ಮೇಲೆ ಅರ್ಧಕ್ಕೆ ನಿಲ್ಲಿಸುವುದು ನನಗೆ ಗೊತ್ತಿಲ್ಲ.

'ನಿಮ್ಮ ಸಂಖ್ಯೆಯನ್ನು ನಾನು ಮತ್ತೆ ನೋಡಿದೆ ಮಾರಾಯ್ರೆ. ಅದು ಸಾಮಾನ್ಯ ಎಂಟು ಅಲ್ಲ. ಅಖಂಡ ಸಂಖ್ಯೆ. ಎಲ್ಲಿಂದ ಕಡಿದ್ರೂ ತುಂಡಾಗುದಿಲ್ಲ. ಹ್ರ್‌ರ್... ಶನಿಗೆ ಹಲ್ಲೂರ್ಲಿಕ್ಕೆ ಜಾಗ ಇಲ್ಲ. ರದ್ದು ಮಾಡ್ಬೇಡಿ.'

'ಹೌದಾ ಗುರುಗಳೇ?' ಅಪ್ಪನ ದನಿ ಮಗುವಿನದಾಗಿತ್ತು.

'ಹೌದು. ಇನ್ನೊಂದು. ಈ ಸಂಖ್ಯೆಯ ಮಾತು ಇನ್ನು ನನ್ನ ಎದುರು ಎತ್ಬಾರ್ದು. ಎತ್ತಿದ್ರೆ ಫಲ ಹೋಯ್ತು. ತೂ.'

ಮನೆಗೆ ಬಂದಾಗ ಅಪ್ಪ ಪತ್ರವನ್ನು ಹರಿಯುತ್ತಿದ್ದರು. 'ಮಾಣಿ, ಶನಿಗೆ ಹಲ್ಲೂರ್ಲಿಕ್ಕೆ ಜಾಗ ಇಲ್ವಂತೆ' ಎಂದು ನನ್ನ ಬೆನ್ನಿಗೆ ಹೊಡೆದರು. ನನಗೆ ಚಪ್ಪಾಳೆ ಸಿಕ್ಕಿದಷ್ಟು ಖುಷಿಯಾಯಿತು.

ಇದೆಲ್ಲ ಅಮ್ಮನ ಉಸಿರಿಗಾಗಿ ಮಾಡಿದೆ ಎಂದು ಬರೆದು ಇಲ್ಲಿಗೇ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಉಳಿಯುತ್ತೇನೆ. ನಿಲ್ಲಿಸಲು ಬಿಡದವರು ಮಾವ, ಅಮ್ಮನ ಅಣ್ಣ. ಅದಾದ ಒಂದು ತಿಂಗಳಿಗೆ ಅವರು ಭಾನುವಾರ ಬೆಳಿಗ್ಗೆ ಬದಲಾಪುರದಿಂದ ಬಂದರು.

'ಭಾವ, ನಮ್ಮ ಬಿಲ್ಡಿಂಗಿನಲ್ಲೇ ಮೂರನೇ ಮಾಳಿಗೆಯ ಮನೆ ಖಾಲಿ ಆಗ್ತದೆ. ಮಾರುವವರು ನನ್ನ ಮಾತು ಕೇಳ್ತಾರೆ. ನಿಮ್ಮ ಕೈಗೆ ಎಟಕುವ ರೇಟು. ಕಿಟಕಿ ತೆಗೆದ್ರೆ ಗುಡ್ಡ ಕಾಣ್ತದೆ. ತಂಗಿಗೆ ಗಾಳಿ ಆಗ್ತದೆ. ಆದ್ರೆ ಈ ತಿಂಗಳೊಳಗೆ ಹೇಳ್ಬೇಕು.'

ಅಪ್ಪ ನನ್ನ ಕಡೆ ನೋಡಿದರು. ನಾನೇನು ಹೇಳಬೇಕಿತ್ತು? ಲೋಕಲ್ ಲೈನಿನ ಆಚೆ ತುದಿಯ ಕಾಡಂಚಿನ ಊರು ಬದಲಾಪುರ ಅಂದರೆ ನಮ್ಮ ಕಾಲೇಜಿನಲ್ಲಿ ನಗೆ. ಅಲ್ಲಿಂದ ಬರುವ ಹುಡುಗರು ಹುಲಿ ತಪ್ಪಿಸಿಕೊಂಡು ಬಂದರೆಂದು ಅಟೆಂಡೆನ್ಸ್ ಹೊತ್ತಿಗೆ ನಾನೇ ಹುಲಿಯಾಗಿ ಗುರ್ರೆನ್ನುತ್ತಿದ್ದೆ. ಗುರ್ರೆಂದವನೇ ಅಲ್ಲಿಗೆ ಹೋಗಿ ಇರುವುದು ಹೇಗೆ? ನನ್ನ ಕಣ್ಣಲ್ಲಿ ಆಗಲೇ ನವಿಮುಂಬಯಿಯ ಅಗಲ ರಸ್ತೆ ಕೂತಿತ್ತು.

'ಅಪ್ಪ, ಗುರುಗಳು ಅಷ್ಟು ಹೇಳಿದ್ಮೇಲೆ...' ಎಂದೆ. ಅಷ್ಟೇ ಸಾಕಾಯಿತು.

'ಹೌದು ಭಾವ,' ಎಂದರು ಅಪ್ಪ. 'ನಮ್ದು ಅಖಂಡ ಸಂಖ್ಯೆ. ಬರ್ತದೆ. ಎರಡು ಮನೆ ತಕೊಂಡು ಎಂತ ಮಾಡುದು?'

'ಬಂದ್ರೆ ಸಂತೋಷ. ಬಾರದಿದ್ರೆ?'

'ತುಂಡಾಗದ ಸಂಖ್ಯೆ ಮಾರಾಯ್ರೆ!'

ಮಾವ ಚಹಾ ಅರ್ಧಕ್ಕೆ ಬಿಟ್ಟರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಅಮ್ಮನಿಗೆ, 'ನೀನಾದ್ರೂ ಹೇಳು ಮಾರಾಯ್ತಿ' ಎಂದರು. ಅಮ್ಮ ನನ್ನನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಕಿಟಕಿಯ ಟವೆಲು ಸರಿಮಾಡಿದಳು.

ಲಾಟರಿ ಎರಡು ಸಲ ಮುಂದೆ ಹೋಯಿತು. ಕೊನೆಗೆ ಎತ್ತಿದ ದಿನ ಬೇಲಾಪುರದ ಗೋಡೆಗೆ ಪಟ್ಟಿ ಅಂಟಿಸಿದ್ದರು. ಅಂಟು ಇನ್ನೂ ಹಸಿಯಾಗಿತ್ತು, ಹಿಟ್ಟಿನ ಹುಳಿ ವಾಸನೆ ಬರುತ್ತಿತ್ತು. ಪಟ್ಟಿಯ ಕೆಳತುದಿಯನ್ನು ಜನರ ಬೆರಳುಗಳು ಕಪ್ಪಗೆ ಮಾಡಿದ್ದವು. ಅಪ್ಪ ಮೂರು ಸಲ ಮೇಲಿಂದ ಕೆಳಗೆ ನೋಡಿದರು. 38244 ಎಂದು ಶುರುವಾಗುವ ಒಂದು ಸಂಖ್ಯೆ ಇತ್ತು. ನಮ್ಮದಲ್ಲ. ನಮ್ಮ ಪಕ್ಕದಲ್ಲಿ ಒಬ್ಬ ಮನುಷ್ಯ ಹೆಂಡತಿಯ ಕಿವಿಯಲ್ಲಿ, 'ಟೋಟಲ್ ನೈನ್ ಥಾ, ಫಿರ್ ಭೀ ನಹೀ ಆಯಾ' ಎನ್ನುತ್ತಿದ್ದ.

'ಕಾಯುವವರ ಪಟ್ಟಿ ಬರ್ತದೆ' ಎಂದರು ಅಪ್ಪ. ಬಂತು, ಅದರಲ್ಲೂ ಇರಲಿಲ್ಲ. 'ಮುಂದಿನ ಸಲಕ್ಕೂ ಇದೇ ಸಂಖ್ಯೆ ನಡೀತದೋ ಏನೋ' ಎಂದರು. ನಡೆಯಲಿಲ್ಲ. ಅಷ್ಟು ಹೊತ್ತಿಗೆ ಬದಲಾಪುರದ ಮನೆಗೆ ಬೇರೆಯವರು ಬಂದು ಪರದೆ ಹಾಕಿಯಾಗಿತ್ತು, ರೇಟು ನಮ್ಮ ಕೈಗೆಟಕದ ಕಡೆ ಹೋಗಿತ್ತು.

ಆ ನಾಲಾದ ಮೇಲೆ ಅಮ್ಮ ಇನ್ನೂ ಐದು ವರ್ಷ ಅಡುಗೆ ಮಾಡಿದಳು. ಪಂಪು ಹೋಗಿ ಮಂಜು ಉಗುಳುವ ಯಂತ್ರ ಬಂತು. ಬೆಳಿಗ್ಗೆ ಅದರ ಮುಖವಾಡ ಹಾಕಿ ಕೂತು ಅವಳು ಕೈಯಲ್ಲಿ ಬೀನ್ಸ್ ಮುರಿಯುತ್ತಿದ್ದಳು. ನಾನು ಅಷ್ಟರಲ್ಲಿ ಠಾಣೆಯ ಒಂದು ವಿಮಾ ಕಚೇರಿ ಸೇರಿದ್ದೆ, ಮಧ್ಯಾಹ್ನದ ಊಟದ ಹೊತ್ತಿಗೆ ಬಾಸಿನ ನಕಲು ಮಾಡಿ ಎಲ್ಲರನ್ನೂ ನಗಿಸುತ್ತಿದ್ದೆ. ಆ ಒಂದು ದನಿಯನ್ನು ಬಿಟ್ಟು. ಕಫ ಎಳೆಯುವ ಶಬ್ದ ಬಾಯಿಗೆ ಬಂದರೆ ಡಬ್ಬಿ ಫೋನಿನ ಅಂಟು ಕೆನ್ನೆಗೆ ತಾಗಿದಂತಾಗುತ್ತಿತ್ತು. ಕೊನೆಗೆ ನನ್ನ ಸಂಬಳವೂ ಸೇರಿ ಕಲ್ಯಾಣದಲ್ಲಿ ಒಂದು ಬಾಡಿಗೆ ಮನೆಗೆ ಬಂದೆವು. ಐದನೇ ಮಾಳಿಗೆ, ಕಿಟಕಿಯ ಹೊರಗೆ ಬರೀ ಆಕಾಶ. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, 'ಐದು ವರ್ಷದ ಹಿಂದೆ ಬಂದಿದ್ದರೆ ಇನ್ನೂ ಚೆನ್ನಾಗಿತ್ತು' ಎಂದರು. ಅವರು ಹೇಳಿದ ರೀತಿಯನ್ನು ನಾನು ನಕಲು ಮಾಡಲಾರೆ.

ಆಮೇಲೆ ಒಂದು ದಿನ, ಕೈಗೆ ದೊಡ್ಡ ಪರದೆಯ ಫೋನು ಬಂದ ಕಾಲ, ಮನೆಯಲ್ಲಿ ಕೂತು ಸುಮ್ಮನೆ ಆ ಸಂಖ್ಯೆಯನ್ನು ಹುಡುಕಿದೆ. ಸಂಖ್ಯೆಗಳ ಜಾತಕವನ್ನೇ ಬರೆದಿಡುವ ಪುಟಗಳಿರುತ್ತವೆ ಎಂದು ಆಗಲೇ ತಿಳಿದದ್ದು. ಯಾವ ಸಂಖ್ಯೆ ಕೊಟ್ಟರೂ ಅದರ ಹುಟ್ಟುಗುಣ ಹೇಳುತ್ತವೆ, ಕಲ್ಲುಸಕ್ಕರೆ ಕೊಡುವುದಿಲ್ಲ.

3824423. ಬೆಸ. ಅವಿಭಾಜ್ಯವಲ್ಲ. 1613 ಗುಣಿಸು 2371.

ನಾನು ಅಟ್ಟದ ಪೆಟ್ಟಿಗೆಯಿಂದ ಹಳೆಯ ನೋಟ್‌ಬುಕ್ಕು ತೆಗೆದೆ. ಎಲ್ಲಿರುತ್ತದೆಂದು ತೆರೆಯುವ ಮೊದಲೇ ಗೊತ್ತಿತ್ತು. ಇಪ್ಪತ್ತಾರನೆಯ ಸಾಲು, ಐದನೆಯ ಸಂಖ್ಯೆ. 1607 ಮತ್ತು 1609ರ ಜೋಡಿ, ಆಚೆ 1619 ಮತ್ತು 1621ರ ಜೋಡಿ, ನಡುವೆ ಒಂಟಿಯಾಗಿ 1613. ಅದರ ಮೇಲೆ ನನ್ನ ಉದ್ದನೆಯ ಸೋಮಾರಿ ಗೀಟು. ಅಂದು ಕ್ಯಾಲ್ಕುಲೇಟರನ್ನು ಐದು ಸಲ ಟ್ಯೂಬ್‌ಲೈಟಿಗೆ ಎತ್ತಿದ್ದರೆ 2371 ಎಂದು ತೋರಿಸಿ, ಚುಕ್ಕಿಯ ನಂತರ ಖಾಲಿ ಬಿಟ್ಟು ನಿಲ್ಲುತ್ತಿತ್ತು. ನಿಜದ ಹರಳು ಹೋಗಿ, ನನ್ನ ದನಿ ನಡುಗಿ, ಅಪ್ಪ ಅರ್ಜಿ ರದ್ದು ಮಾಡಿಸಿ, ನಾವು ಬದಲಾಪುರದ ಗುಡ್ಡ ನೋಡುತ್ತಿದ್ದೆವು. ಅರ್ಧ ಪೃಷ್ಠದ ಸುಖಕ್ಕೆ ಐದು ವರ್ಷ.

ಪುಟ ಇನ್ನೂ ಹೇಳುತ್ತಲೇ ಇತ್ತು. ತನ್ನನ್ನು ಬಿಟ್ಟು ಉಳಿದ ಭಾಜಕಗಳೆಲ್ಲ ಸೇರಿದರೆ ಬರೀ 3985. ಇಷ್ಟು ದೊಡ್ಡ ಗಾತ್ರದವನಿಗೆ ಅಷ್ಟೇ ಆಸ್ತಿ. ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬಾರದು. ಆದರೆ ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಬಹುದು, 1992ರ ವರ್ಗದಿಂದ 379ರ ವರ್ಗ ಕಳೆದರೆ ಇದೇ ಸಂಖ್ಯೆ. ಇದನ್ನು ಓದಿ ನನಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಯಾಕೆಂದರೆ ಹಾಗೆ ಹುಡುಕುವ ದಾರಿಯನ್ನೂ ಅದೇ ವರ್ಷ ನಮಗೆ ಕಲಿಸಿದ್ದರು. 1956ರಿಂದ ಹೊರಟು ಒಂದೊಂದೇ ವರ್ಗ ಮಾಡಿ, ಸಂಖ್ಯೆ ಕಳೆದು, ಉಳಿದದ್ದು ವರ್ಗವೇ ಎಂದು ನೋಡುತ್ತ ಹೋಗಬೇಕು. ಮೂವತ್ತೇಳನೆಯ ಸಲಕ್ಕೆ ಸಿಕ್ಕಿಬಿಡುತ್ತಿತ್ತು. ಆ ಪಾಠದ ದಿನ ನಾನು ಹಿಂದಿನ ಬೆಂಚಿನಲ್ಲಿ ಮೇಷ್ಟ್ರು ಸೀಮೆಸುಣ್ಣ ಮುರಿಯುವುದನ್ನು ನಕಲು ಮಾಡುತ್ತಿದ್ದೆ.

ಗುರುಗಳು ಆಗಲೇ ತೀರಿಕೊಂಡಿದ್ದರು. ಅಪ್ಪ ಆ ಚೀಟಿಯನ್ನು ಪಾಕೀಟಿನಲ್ಲಿ ಇನ್ನೂ ಇಟ್ಟುಕೊಂಡಿದ್ದರು. ಮನೆಗೆ ಬಂದವರಿಗೆಲ್ಲ, 'ಲಾಟರಿ ಬರ್ಲಿಲ್ಲ, ಅದು ಬೇರೆ. ಆದ್ರೆ ಸಂಖ್ಯೆ ಮಾತ್ರ ತುಂಡಾಗ್ಲಿಲ್ಲ' ಎನ್ನುವರು. ನಾನು ಸಂಖ್ಯೆ ಹುಡುಕಿದ ವಾರದ ಭಾನುವಾರ ಮಾವ ಊಟಕ್ಕೆ ಬಂದಾಗಲೂ ಅದನ್ನೇ ತೆಗೆದರು. ಮಾವ ತಟ್ಟೆಯಿಂದ ತಲೆಯೆತ್ತಲಿಲ್ಲ. ಅವರು ಹೊರಟ ಮೇಲೆ ನನಗೆ ತಡೆಯಲಾಗಲಿಲ್ಲ.

'ಅಪ್ಪ, ಅದು ತುಂಡಾಗ್ತದೆ. 1613ರಿಂದ. ನಾನೇ ಆಗ ಸರಿ ನೋಡ್ಲಿಲ್ಲ.'

'ನೀನು ಯಾಕೆ ನೋಡುದು? ಗುರುಗಳು ನೋಡಿದ್ದು.'

'ಗುರುಗಳು ನೋಡ್ಲಿಲ್ಲ. ಫೋನು ಮಾಡಿದ್ದು ಗುರುಗಳಲ್ಲ. ನಾನು.'

 ಬೈಗುಳಕ್ಕೆ ಬೆನ್ನು ಒಡ್ಡಿ ನಿಂತೆ. ಹೊಡೆತವಾದರೂ ಸರಿ ಎನಿಸಿತ್ತು. ಅಪ್ಪ ನಕ್ಕರು.

'ಹೋಗ ಮಾಣಿ! ಅವರ ದನಿ ನಂಗೆ ಗೊತ್ತಾಗುದಿಲ್ವಾ? ಎಷ್ಟು ವರ್ಷದ ಪರಿಚಯ! ಎಲ್ಲಿ, ಮಾಡಿ ತೋರ್ಸು.'

ಎಷ್ಟೋ ವರ್ಷದ ನಂತರ ನಾನು ಗಂಟಲಿನ ತಳಕ್ಕೆ ಇಳಿದೆ. ಕಫ ಎಳೆದೆ, ತಿರುಗಿಸಿದೆ. 'ಹ್ರ್‌ರ್... ಶನಿಗೆ ಹಲ್ಲೂರ್ಲಿಕ್ಕೆ ಜಾಗ ಇಲ್ಲ ಮಾರಾಯ್ರೆ.'

'ಇದಾ?' ಅಪ್ಪ ತೊಡೆ ತಟ್ಟಿ ನಕ್ಕರು. 'ಇದು ಕಪ್ಪೆ ಕೂಗಿದ ಹಾಗೆ ಉಂಟು! ಗುರುಗಳ ಹತ್ರಕ್ಕೂ ಇಲ್ಲ. ದೊಡ್ಡ ನಕಲು ಮಾಡುವವ!' ಚೀಟಿಯನ್ನು ಮಡಚಿ ಪಾಕೀಟಿಗೆ ಸೇರಿಸಿ, ಪಾಕೀಟನ್ನು ಎದೆಯ ಜೇಬಿಗೆ ಇಳಿಸಿ, ಕೆಳಗೆ ಪೇಪರು ತರಲು ಹೋದರು.

ನಾನು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದೆ. ಅಮ್ಮ ಕಿಟಕಿಯ ಹತ್ತಿರ ಮುಖವಾಡವನ್ನು ಹಣೆಗೆ ಏರಿಸಿಕೊಂಡು ಕೂತಿದ್ದಳು. ಯಂತ್ರ ಗುಂಯ್ ಎನ್ನುತ್ತಿತ್ತು.

'ಅವರಿಗೆ ಗೊತ್ತಾಗ್ಲಿಲ್ಲ' ಎಂದಳು. 'ಆ ದಿನ ಫೋನೆತ್ತಿದ ಕೂಡ್ಲೇ ನಂಗೆ ಗೊತ್ತಾಗಿತ್ತು.'

'ಮತ್ತೆ ಯಾಕೆ ಹೇಳ್ಲಿಲ್ಲ?'

'ನೀನು ನಂಗೋಸ್ಕರ ಮಾಡಿದ್ದು ಅಂತ ತಿಳ್ಕೊಂಡೆ.'

ಮುಖವಾಡವನ್ನು ಮೂಗಿನ ಮೇಲೆ ಇಳಿಸಿಕೊಂಡಳು. ಆಮೇಲೆ ಏನನ್ನೋ ನೆನೆದು ಮತ್ತೆ ಎತ್ತಿದಳು.

'ಮಾವ ಬದಲಾಪುರದ ಮನೆಯ ಮಾತು ತಂದ ದಿನದವರೆಗೆ' ಎಂದಳು.